ಅತ್ತೆಯ ಹರಕೆ, ನನ್ನ ಎಡಗೈ

ಶರಣ ಬಂಧುಗಳೇ, ಬೆಳಗಾದರೆ ಲಿಂಗವನ್ನು ಅಂಗೈಯಲ್ಲಿ ಹಿಡಿದು ದಿನ ಆರಂಭಿಸುವವರಿಗೆ ಆ ಅಂಗೈಯೇ ತಿರುಗದಂತಾದರೆ ಏನು ಗತಿ? ನನಗೆ ಆ ಗತಿ ಬಂದಿತ್ತು. ನಮ್ಮ ಬೀದರ ಜಿಲ್ಲೆ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಅದು. ಊರಿಗೆ ಊರೇ ರಾಜ್ಯದ ಮಾತಾಡುತ್ತಿದ್ದರೆ ನಾನೊಬ್ಬಳು ನನ್ನ ಎಡ ಮಣಿಕಟ್ಟಿನ ಚಿಂತೆಯಲ್ಲಿದ್ದೆ.

ಭಾದ್ರಪದದ ಒಂದು ಮುಂಜಾನೆ, ಬೀದರ ಊರಿಗೆ ಹತ್ತಿಕೊಂಡ ಮೈಲೂರಿನ ನಮ್ಮ ಬಾಡಿಗೆ ಮನೆಯ ಹಿಂದಿನ ಬಾವಿಕಟ್ಟೆ ಮಳೆಗೆ ಪಾಚಿಗಟ್ಟಿತ್ತು. ತುಂಬಿದ ತಾಮ್ರದ ಕೊಡ ಎತ್ತಿಕೊಂಡು ತಿರುಗಿದ್ದೇ ತಡ, ಕಾಲು ಜಾರಿತು. ತವರಿನವರು ಕೊಟ್ಟ ಕೊಡ, ಅದು ಜಜ್ಜಿಹೋಗಬಾರದೆಂದು ಕೊಡವನ್ನು ಎದೆಗವಚಿಕೊಂಡು ಎಡಗೈಯನ್ನು ಕಲ್ಲಿಗೆ ಕೊಟ್ಟೆ. ಕೊಡಕ್ಕೆ ಒಂದು ತಗ್ಗೂ ಬೀಳಲಿಲ್ಲ. ನನ್ನ ಮಣಿಕಟ್ಟು ಮಾತ್ರ ಸೊಟ್ಟಗಾಗಿ, ನೋಡುನೋಡುತ್ತಿದ್ದಂತೆ ಬದನೆಕಾಯಿಯ ಬಣ್ಣಕ್ಕೆ ತಿರುಗಿತು.

ನಮ್ಮ ಯಜಮಾನರು ಬೀದರಿನ ಕಾಳಿನ ಪೇಟೆ ಗಾಂಧಿ ಗಂಜಿನ ಒಂದು ಅಡತಿ ಅಂಗಡಿಯಲ್ಲಿ, ದಲ್ಲಾಳಿ ಸಾಹುಕಾರರ ಹತ್ತಿರ, ಗುಮಾಸ್ತರಾಗಿದ್ದರು. ಸುದ್ದಿ ತಿಳಿದು ತಲೆ ಮೇಲೆ ತೊಗರಿ ಹೊಟ್ಟು ಇದ್ದ ಹಾಗೆಯೇ ಓಡಿ ಬಂದರು. ಬೀದರಿನ ದವಾಖಾನೆಯಲ್ಲಿ ನೋಡಿ, ಎಲುಬು ಬರೀ ಮುರಿದಿಲ್ಲ, ಚೂರಾಗಿದೆ, ಕೊಯ್ದು ಕೂಡಿಸಬೇಕು, ಹೈದರಾಬಾದಿಗೆ ಹೋಗಿ ಎಂದರು. ಹೊರಡುವ ಹೊತ್ತಿಗೆ ನಮ್ಮ ಅತ್ತೆ ಗುರಮ್ಮನವರು ಔರಾದ ತಾಲೂಕಿನ ಚಿಂತಾಕಿಯಿಂದ ಬಂದಿಳಿದಿದ್ದರು. ಯಾರು ಯಾವಾಗ ಹೇಳಿಕಳಿಸಿದರೋ ಇಂದಿಗೂ ನನಗೆ ಗೊತ್ತಿಲ್ಲ. ಕಂಕುಳಲ್ಲಿ ರೊಟ್ಟಿಯ ಗಂಟು, ಬಾಯಿಯಲ್ಲಿ ಎಲೆ-ಅಡಿಕೆ.

"ಕೊಡ ಉಳಿಸಿದ್ಯಂತ, ಛಲೋ ಮಾಡ್ದಿ. ಇನ್ನ ಕೊಡಾನ ಕರಕೊಂಡು ಸಂಸಾರ ಮಾಡ್ತಾನ ನನ್ನ ಮಗ" ಎಂದರು. ಹೀಗೆ ಅಂದವರೇ ಹೈದರಾಬಾದ್ ಮುಟ್ಟುವವರೆಗೂ ನನ್ನ ಕೈ ಅಲುಗದಂತೆ ತಮ್ಮ ತೊಡೆಯ ಮೇಲಿಟ್ಟುಕೊಂಡು ಕೂತರು. ಮೋಟಾರು ಗುಂಡಿಗೆ ಇಳಿದಾಗಲೆಲ್ಲ ಡ್ರೈವರನ ವಂಶವನ್ನೆಲ್ಲ ನೆನೆದರು.

ಆ ದೊಡ್ಡ ದವಾಖಾನೆಯಲ್ಲಿ ಆಪರೇಷನ್ ಕೋಣೆಯ ಬಾಗಿಲಲ್ಲೇ ತೊಡಕು ಎದುರಾಯಿತು. ಮೈಮೇಲಿನದೆಲ್ಲ ತೆಗೆಯಬೇಕು, ಕೊರಳಿನದೂ ತೆಗೆಯಬೇಕು ಎಂದಳು ನರ್ಸಮ್ಮ. ಕೊರಳಲ್ಲಿ ನನ್ನ ಇಷ್ಟಲಿಂಗ. ಭಾಲ್ಕಿಯ ಗುರುಗಳು ಬಾಲ್ಯದಲ್ಲಿ ನನ್ನ ಅಂಗೈಗೆ ಇಟ್ಟು ಕೊಟ್ಟದ್ದು, ಅಂದಿನಿಂದ ಒಂದು ಗಳಿಗೆಯೂ ಮೈ ಬಿಟ್ಟು ಹೋಗಿರಲಿಲ್ಲ. ನನಗೆ ಅಳು ಬಂತು. ಅತ್ತೆ ಅಳುವವರಲ್ಲ.

"ಲಿಂಗ ತೆಗೀಬೇಕಂದ್ರ ಜೀವಾನೂ ತೆಗ್ದು ನಿಮ್ಮ ಟೇಬಲ್ ಮ್ಯಾಲ ಇಡ್ತೀವ್ರಿ ನರ್ಸಬಾಯಿ. ಎರಡೂ ಸಂಭಾಳಸ್ತೀರೇನು?" ಎಂದು ಬಾಗಿಲಿಗೆ ಅಡ್ಡ ನಿಂತರು.

ಗದ್ದಲ ಕೇಳಿ ಡಾಕ್ಟರು ಹೊರಗೆ ಬಂದರು. ನೆರೆತ ಗಡ್ಡದ ಸಾಹೇಬರು. ಅವರು ಆಡಿದ್ದು ಉರ್ದು. ನಿಜಾಮನ ಕಾಲದ ಸಾಲೆಯಲ್ಲಿ ಕಲಿತ ನಮಗೆ ಅದು ನೀರು ಕುಡಿದಷ್ಟು ಸಲೀಸು. ಇಲ್ಲಿ ನಮ್ಮ ಮಾತಿನಲ್ಲೇ ಬರೆಯುತ್ತೇನೆ. "ಅಮ್ಮಾಜಾನ್, ಮತ್ತು ಬರೋ ಔಷಧ ಕೊಡುವಾಗ ಕೊರಳ ಹತ್ರ ಏನೂ ಇರಬಾರ್ದು. ಉಸಿರಿಗೆ ಅಡ್ಡಿ ಆಗ್ತದ. ತಲಿಗೆ ಕಟ್ಟಿದ್ರ ನಡೀತದೇನ್ರಿ?"

ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿದರು. "ತಲಿ ಮ್ಯಾಲ ಇದ್ರ ಇನ್ನಾ ಛಲೋ ಆತಲ್ರೀ ಸಾಹೇಬ್ರ" ಎಂದು ತಮ್ಮ ಸೆರಗಿನ ಅಂಚು ಹರಿದು ಲಿಂಗವನ್ನು ನನ್ನ ನೆತ್ತಿಗೆ ಕಟ್ಟಿದರು. ಡಾಕ್ಟರು ತಾವೇ ಅದರ ಮೇಲೆ ಬಿಳಿ ಟೊಪ್ಪಿಗೆ ಹಾಕಿದರು. ಯಾರ ಕೈಗೆ ನನ್ನ ಕೈ ಸಿಕ್ಕಿತೋ ಆ ಕೈ ಇಂಥದ್ದು ಎಂದು ಧೈರ್ಯ ಬಂತು. ಎಲುಬು ಕೂಡಿಸಿ, ಉಕ್ಕಿನ ತಂತಿ ಹಾಕಿ, ಮೊಣಕೈವರೆಗೆ ಪ್ಲಾಸ್ಟರ್ ಕಟ್ಟಿ ಕಳಿಸಿದರು.

ನಮ್ಮಲ್ಲಿ ಲಿಂಗಪೂಜೆ ಎಂದರೆ ಎಡ ಅಂಗೈ ಮೇಲೆ ಲಿಂಗ ಕೂಡಬೇಕು, ಬಲಗೈ ನೀರೆರೆಯಬೇಕು, ವಿಭೂತಿ ಹಚ್ಚಬೇಕು, ಪತ್ರಿ ಏರಿಸಬೇಕು. ಪೂಜೆಯಾಗದೆ ನಾನು ಬಾಯಿಗೆ ನೀರೂ ಹಾಕಿದವಳಲ್ಲ. ಲಿಂಗವನ್ನು ಕಣ್ಣಿಗೊತ್ತಿಕೊಂಡಷ್ಟಕ್ಕೇ ಪೂಜೆ ಮುಗಿಸಿ ಹೇಗೋ ದಿನ ದೂಡಿದೆ, ದೀಪಾವಳಿಗೆ ತವರು ಭಾಲ್ಕಿಗೆ ಹೋದಾಗ ಗುರುಗಳ ಕಾಲಿಗೆ ಬಿದ್ದು ಏನು ಮಾಡಲೆಂದು ಕೇಳಿದೆ. "ಬಲ ಅಂಗೈಯಾಗ ಹಿಡಿ ಮಗಳ. ಎಡಗೈ ಆರಾಮ ಆಗೂತನ ಅವ ಏನೂ ಅನ್ಕೊಳ್ಳಂಗಿಲ್ಲ" ಎಂದರು. ಬಲಗೈಯಲ್ಲಿ ನಾನು ಹಿಡಿದರೆ ಅತ್ತೆ ಪಕ್ಕದಲ್ಲಿ ಕೂತು ನೀರೆರೆಯುತ್ತಿದ್ದರು. ಪೂಜೆ ಸಾಗಿತು. ಆದರೆ ಬಲಗೈಯಲ್ಲಿ ಉಣ್ಣುವ ಊಟವನ್ನು ಎಡಗೈಯಲ್ಲಿ ಉಂಡಂತೆ, ಏನೋ ತಿರುವುಮುರುವು ಎನಿಸುತ್ತಿತ್ತು.

ಪ್ಲಾಸ್ಟರ್ ಬಿಚ್ಚಿಸಲು ಮತ್ತೆ ಹೊರಟಾಗ ರಾಜ್ಯ ಬದಲಾಗಿತ್ತು. ಕಂಡಕ್ಟರ್ ಟಿಕೇಟು ಹರಿಯುತ್ತ, "ಮೊನ್ನಿತನ ರಾಜಧಾನಿಗೆ ಹೋಗ್ತಿದ್ರಿ, ಈಗ ಪರರಾಜ್ಯಕ್ಕ ಹೊಂಟೀರಿ ನೋಡ್ರಿ" ಎಂದು ನಕ್ಕ. ಅತ್ತೆ ಬಿಡಲಿಲ್ಲ. "ರಾಜ್ಯ ಎಲ್ಲಿಗೆ ಬೇಕಾದ್ರೂ ಹೋಗ್ಲಿ, ನಮ್ಮ ಡಾಕ್ಟರ್ ಸಾಹೇಬ್ರು ಅಲ್ಲೇ ಇದ್ರ ಸಾಕು" ಎಂದರು.

ಸಾಹೇಬರು ಅಲ್ಲೇ ಇದ್ದರು. ತಂತಿ ತೆಗೆದು, ಪ್ಲಾಸ್ಟರ್ ಕತ್ತರಿಸಿದರು. ಒಳಗಿದ್ದ ಕೈಯನ್ನು ನೋಡಿ ಅದು ನನ್ನದೆಂದು ನಂಬಲಾಗಲಿಲ್ಲ. ಸೊರಗಿ ಕಡ್ಡಿಯಾಗಿತ್ತು, ತೊಗಲು ಸಿಪ್ಪೆ ಏಳುತ್ತಿತ್ತು. ಅಂಗೈ ನನ್ನ ಹೊಟ್ಟೆಯ ಕಡೆಗೆ ಮುಖ ಮಾಡಿ ನಿಂತುಬಿಟ್ಟಿತ್ತು, ಎಷ್ಟು ಒದ್ದಾಡಿದರೂ ಮೇಲಕ್ಕೆ ತಿರುಗಲಿಲ್ಲ. ಡಾಕ್ಟರು ತಮ್ಮ ಎರಡೂ ಮೊಣಕೈಗಳನ್ನು ಸೊಂಟಕ್ಕೆ ಹಚ್ಚಿ, ಅಂಗೈಗಳನ್ನು ಆಕಾಶಕ್ಕೆ ತೆರೆದು ತೋರಿಸಿದರು. "ನಾವು ದುವಾ ಬೇಡೋ ಹಾಂಗ. ಇಷ್ಟು ತಿರುಗಿತಂದ್ರ ಗೆದ್ರಿ. ಕೈಗೆ ಕೆಲಸ ಕೊಡ್ರಿ. ಹಿಟ್ಟು ನಾದ್ರಿ, ಬಟ್ಟಿ ಹಿಂಡ್ರಿ, ರೊಟ್ಟಿ ಬಡೀರಿ. ಬ್ಯಾನಿ ಆಗ್ತದಂತ ನಿಲ್ಲಸಬ್ಯಾಡ್ರಿ, ಬಾವು ಬಂದ್ರ ಅಷ್ಟೇ ನಿಲ್ಲಸ್ರಿ. ಸುಮ್ನ ಇಟ್ರ ಕಟ್ಟಿಗಿ ಆಗ್ತದ."

"ನಾವೂ ಲಿಂಗ ಹಿಡಿಯೋದು ಹಿಂಗೇ ರೀ" ಎಂದರು ಅತ್ತೆ.

"ಬೇಡೋ ಕೈ ಯಾರದಾದ್ರೇನು ಅಮ್ಮಾಜಾನ್, ಅದು ಮ್ಯಾಲೇ ನೋಡಬೇಕಲ್ಲ" ಎಂದರು ಸಾಹೇಬರು.

ಇಷ್ಟು ಸ್ಪಷ್ಟವಾಗಿ ಹೇಳಿಸಿಕೊಂಡು ಬಂದವರು ನಾವು. ಆದರೂ ಎಡವಿದೆವು, ಅದೂ ಭಕ್ತಿಯಿಂದಲೇ ಎಡವಿದೆವು. ಮೈಲೂರಿಗೆ ಬಂದ ಮರುದಿನ ನಾನು ಹಿಟ್ಟಿನ ಪರಾತಕ್ಕೆ ಎಡಗೈ ಹಾಕಲು ಹೋದೆ. ಅತ್ತೆ ಕೈ ಹಿಡಿದು ಎತ್ತಿದರು.

"ಡಾಕ್ಟರ್ ಬಂಗಾರದಂಥ ಮನಷ್ಯಾ. ಆದ್ರ ಅವ್ರಿಗೆ ಇದು ಬರೇ ಕೈ, ನಮಗ ಲಿಂಗಪ್ಪನ ಪೀಠ. ಈ ಕೈಲಿಂದ ಮುಸುರಿ ತಿಕ್ಕಿ, ಬಟ್ಟಿ ಹಿಂಡಿ, ನಾಳಿ ಇದರಾಗೇ ಅವನ್ನ ಕೂಡಸ್ತೀಯೇನು? ನಾ ಹರಕಿ ಹೊತ್ತೀನಿ. ಅವ ಬಂದು ಕೂಡೂತನ ಈ ಕೈ ಮತ್ತೇನೂ ಮುಟ್ಟಂಗಿಲ್ಲ. ನಿನ್ನ ಕೆಲಸೆಲ್ಲಾ ನಾ ಮಾಡ್ತೇನಿ."

ಮುರಿಯುವ ಮುಂಚೆ ಅದೇ ಕೈ ಮುಸುರೆ ತಿಕ್ಕುತ್ತಿತ್ತು, ಸಗಣಿ ಬಳಿಯುತ್ತಿತ್ತು, ಆಗ ಯಾರಿಗೂ ಅದು ಪೀಠ ಎನಿಸಿರಲಿಲ್ಲ. ಈ ಮಾತು ಅಂದು ನನಗೂ ಹೊಳೆಯಲಿಲ್ಲ, ಯಜಮಾನರಿಗೂ ಹೊಳೆಯಲಿಲ್ಲ. ಖರೇ ಹೇಳಬೇಕೆಂದರೆ ನನಗೆ ಹೆಮ್ಮೆಯೇ ಆಯಿತು. ದಿನಾ ಕೈಗೆ ವಿಭೂತಿ ಹಚ್ಚಿ, ಹೊಸ ಬಿಳಿ ಅರಿವೆ ಸುತ್ತಿ, ಎದೆಗೆ ಆನಿಸಿ ಕಟ್ಟುತ್ತಿದ್ದರು ಅತ್ತೆ. ಓಣಿಯ ಹೆಂಗಸರು ಬಂದು ಆ ಗಂಟಿಗೆ ನಮಸ್ಕಾರ ಮಾಡಿ ಹೋಗುತ್ತಿದ್ದರು.

ಅತ್ತೆ ಹೇಳಿದ್ದನ್ನು ಮಾಡಿದರು. ಆ ವಯಸ್ಸಿನಲ್ಲಿ ಬಾವಿಯಿಂದ ನೀರು ಸೇದಿದರು, ಬೀಸಿದರು, ಕುಟ್ಟಿದರು, ನನ್ನ ತಲೆ ಬಾಚಿ ಹೆರಳು ಹಾಕಿದರು. ನಾನು ಕೂತಲ್ಲೇ ಪೂಜ್ಯಳಾದೆ. ಕೈ ಮಾತ್ರ ಸಾಹೇಬರು ಹೇಳಿದಂತೆ ಕಟ್ಟಿಗೆಯಾಗುತ್ತ ಹೋಯಿತು. ಮೊದಲು ಮಣಿಕಟ್ಟು, ಆಮೇಲೆ ಬೆರಳುಗಳು. ಸಾಯಂಕಾಲ ಅರಿವೆ ಬಿಚ್ಚಿ ತಿರುಗಿಸಿ ನೋಡುವುದು, ತಿರುಗದಿದ್ದರೆ ಮತ್ತೆ ಸುತ್ತುವುದು. "ಪರೀಕ್ಷಾ ಮಾಡ್ಲಿಕತ್ಯಾನ ಅವ" ಎನ್ನುತ್ತಿದ್ದರು ಅತ್ತೆ. ಅವರ ದನಿಯಲ್ಲೂ ದಿಗಿಲು ಇರುತ್ತಿತ್ತು.

ಎಳ್ಳಮಾಸಿ, ಅಂದರೆ ಎಳ್ಳ ಅಮಾವಾಸ್ಯೆ, ಬಂತು. ನಮ್ಮ ಕಡೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಔರಾದವರೆಗೆ ಬಸ್ಸು, ಅಲ್ಲಿಂದ ಬಂಡಿ, ಚಿಂತಾಕಿಯ ಹೊಲದಲ್ಲಿ ಊಟ. ಜೋಳದ ದಂಟಿನ ಗುಡಿಸಲು ಕಟ್ಟಿ, ಒಳಗೆ ಸುಣ್ಣ ಹಚ್ಚಿದ ಐದು ಕಲ್ಲಿಟ್ಟು ಪೂಜೆ ಮಾಡಿದರು. ಕಾಳು-ಸೊಪ್ಪಿನ ಭಜ್ಜಿ, ಅಂಬಲಿ, ಸಜ್ಜೆಯ ಕಡಬು, ಎಲ್ಲವೂ ಇತ್ತು. ಹೆಂಗಸರೆಲ್ಲ ಎರಡೂ ಕೈ ತುಂಬ ಕೆಲಸ ಹಿಡಿದು ನಗುತ್ತಿದ್ದರು. ನಾನು ಸುತ್ತಿದ ಕೈ ಹಿಡಿದು ಗುಡಿಸಲ ಬಾಗಿಲಲ್ಲಿ ಕೂತಿದ್ದೆ. ಎಲ್ಲರೂ ಚರಗ ಚೆಲ್ಲಲು, ಭೂಮಿತಾಯಿಗೆ ಎಡೆ ಎರಚಲು, ಬೆಳೆಯೊಳಗೆ ಹೋದಾಗ ಒಬ್ಬಳೇ ಉಳಿದೆ. ಅಂದು ಜಗಳವಾಡಿದಂತೆ ಪ್ರಾರ್ಥಿಸಿದೆ. "ಸ್ವಾಮಿ, ಈ ಕೈಯನ್ನು ಬಳೆ ತೊಡಲಿಕ್ಕೆ ಕೇಳುತ್ತಿಲ್ಲ, ನಿನ್ನನ್ನು ಹಿಡಿಯಲಿಕ್ಕೆ ಕೇಳುತ್ತಿದ್ದೇನೆ. ಕೊಡುವುದಿದ್ದರೆ ಕೊಡು. ಇಲ್ಲವಾದರೆ ಹಿಡಿಯಬೇಕೆಂಬ ಆಸೆಯನ್ನಾದರೂ ಕಿತ್ತುಕೋ. ಎರಡರ ನಡುವೆ ನನ್ನನ್ನು ತೂಗಾಡಿಸಬೇಡ."

ಅವನು ಕೊಟ್ಟದ್ದೇನು ಗೊತ್ತೇ? ನಮ್ಮ ಅತ್ತೆಗೆ ಜ್ವರ.

ಹಬ್ಬದ ಮರುದಿನ ಯಜಮಾನರು ಗಂಜಿನ ಕೆಲಸಕ್ಕೆ ಬೀದರಿಗೆ ಮರಳಿದರು. ನಾನೂ ಅತ್ತೆಯೂ ಚಿಂತಾಕಿಯಲ್ಲೇ ಉಳಿದೆವು. ಅದಾದ ಮೇಲೆ ಒಂದು ಮಧ್ಯಾಹ್ನ ಅತ್ತೆ ಒಲೆ ಮುಂದೆ ಕೂತವರು ಗಡಗಡ ನಡುಗತೊಡಗಿದರು. ಇದ್ದ ಕಂಬಳಿಯನ್ನೆಲ್ಲ ಹೊದಿಸಿದೆ. ನಡುಕ ನಿಂತದ್ದೇ ಮೈ ಕಾದ ಹಂಚಾಯಿತು. ಕಣ್ಣು ಕೆಂಪಾಗಿ, ಯಾರ‍್ಯಾರನ್ನೋ ಹೆಸರು ಹಿಡಿದು ಕರೆಯತೊಡಗಿದರು. ಹೊಲ-ಮನೆ ನೋಡಿಕೊಂಡು ಅಲ್ಲೇ ಇದ್ದ ಮೈದುನ ಔಷಧ ತರಲು ಔರಾದಿಗೆ ಬಂಡಿ ಕಟ್ಟಿದ. ನೆರೆಹೊರೆಯವರೆಲ್ಲ ತೊಗರಿ ಕಡಿಯಲು ಹೋಗಿದ್ದರು. ಮನೆಯಲ್ಲಿ ನಾವಿಬ್ಬರೇ. ನನ್ನ ಸಲುವಾಗಿ ದುಡಿದು ದುಡಿದು ನೆಲ ಹಿಡಿದ ಆ ಜೀವ, ಪೀಠವಾಗಿ ಕೂತ ಈ ಜೀವ.

ಹಣೆಗೆ ತಣ್ಣೀರ ಪಟ್ಟಿ ಹಾಕಲು ಹೋದೆ. ಒಂದೇ ಕೈಯಲ್ಲಿ ಅರಿವೆ ಹಿಂಡಲು ಬರುತ್ತದೆಯೇ? ನೀರು ಸುರಿದು ಅವರ ಕಿವಿಗೆ, ಕೊರಳಿಗೆ, ಹಾಸಿಗೆಗೆ ಹರಿಯಿತು. ಮತ್ತೆ ನಡುಗತೊಡಗಿದರು. ನನಗೆ ಸಿಟ್ಟು ಬಂತು, ದೇವರ ಮೇಲೇ ಬಂತು. ಕೈ ಕೇಳಿದರೆ ಅತ್ತೆಯನ್ನು ಕೆಡವುತ್ತೀಯಾ ಎಂದು ಬೈದೆ. ಹಲ್ಲಿನಿಂದ ಗಂಟು ಎಳೆದು ಎಡಗೈಯ ಅರಿವೆಯನ್ನು ಬಿಚ್ಚಿ ಎಸೆದೆ.

ಆ ಜ್ವರದಲ್ಲೂ ಅವರಿಗೆ ಕಂಡಿತು. "ಎಡಗೈ ಬ್ಯಾಡ ಶಿವಮ್ಮ, ಹರಕಿ ಅದ" ಎಂದು ಎದ್ದು ಕೂಡಲು ನೋಡಿದರು.

"ನೀವು ಸುಮ್ನ ಮಲಗ್ರಿ ಅತ್ತಿ!" ಎಂದೆ. ಮದುವೆಯಾಗಿ ಬಂದ ಮೇಲೆ ಅವರೆದುರು ದನಿ ಎತ್ತಿದ್ದು ಅದೇ ಮೊದಲು. ಅವರು ಬೆಚ್ಚಿ ಮಲಗಿದರು.

ಅರಿವೆಯ ಒಂದು ತುದಿಯನ್ನು ಬಲಗೈಯಲ್ಲಿ, ಇನ್ನೊಂದನ್ನು ಎಡಗೈಯ ಸೆಟೆದ ಬೆರಳುಗಳಲ್ಲಿ ಸಿಕ್ಕಿಸಿ ಹಿಂಡಿದೆ. ಮಣಿಕಟ್ಟಿನೊಳಗೆ ಕಟಕ್ ಎಂದಿತು. ನೋವು ಭುಜದವರೆಗೆ ಏರಿ ಕಣ್ಣು ಕತ್ತಲಿಟ್ಟಿತು. ಮತ್ತೆ ಮುರಿಯಿತು ಎಂದೇ ಅಂದುಕೊಂಡೆ. ಆದರೆ ಅರಿವೆಯ ನೀರೆಲ್ಲ ಇಳಿದಿತ್ತು, ಅತ್ತೆಯ ಹಣೆಯ ಮೇಲೆ ಹನಿ ಇಳಿಯದೆ ಕೂತಿತು. ಹಿಂಡಿ ಹಾಕುವುದು, ಬಿಸಿಯಾಗುತ್ತಲೇ ತೆಗೆದು ಅದ್ದಿ ಮತ್ತೆ ಹಿಂಡುವುದು. ದೀಪ ಹಚ್ಚುವ ಹೊತ್ತಿಗೆ ಮೈದುನ ಕ್ವಿನೈನ್ ತಂದ. ಆಗ ನಾನು ಕೈ ನೋಡಿಕೊಂಡೆ. ಬಾವು ಬಂದಿರಲಿಲ್ಲ.

ಆ ಜ್ವರ ಸರದಿಯದು, ಒಂದು ದಿನ ಬಿಟ್ಟು ಒಂದು ದಿನ ಬರುತ್ತಿತ್ತು. ಅವರು ಎದ್ದು ಕೂಡುವ ತನಕ ಮನೆಯ ಕೆಲಸವೆಲ್ಲ ನನ್ನ ಎರಡು ಕೈಗಳ ಪಾಲಿಗೆ ಬಿತ್ತು. ನೀರು ಸೇದಿದೆ, ಗಂಜಿ ಕಾಸಿದೆ, ಹಾಸಿಗೆ ಒಗೆದೆ. ನೋವಿಗೆ ಹಲ್ಲು ಕಚ್ಚಿದೆ. ಹರಕೆ ಮುರಿದ ಅಳುಕು ಬೇರೆ. ಜ್ವರ ಬಿಟ್ಟ ಮುಂಜಾನೆ ಅತ್ತೆ ಗೋಡೆಗಾನಿ ಕೂತು ಪೂಜೆಗೆ ನೀರು ಕೇಳಿದರು. ತಂಬಿಗೆಯನ್ನು ತಂದು ಇಟ್ಟೆ. ಅವರು ತಂಬಿಗೆ ನೋಡಲಿಲ್ಲ, ಅದರ ತಳಕ್ಕೆ ಹಿಡಿದ ನನ್ನ ಎಡಗೈ ನೋಡಿದರು.

"ತಿರಗ್ಯಾದಲ್ಲ" ಎಂದರು.

ಅರ್ಧ ತಿರುಗಿತ್ತು. ಕೆಲಸದ ಗಡಿಬಿಡಿಯಲ್ಲಿ ನಾನೇ ನೋಡಿರಲಿಲ್ಲ.

ಬೈಗುಳಕ್ಕೆ ಸಿದ್ಧಳಾಗಿ ನಿಂತೆ. ಹರಕೆ ಮುರಿದ ಸೊಸೆ, ಮೇಲಾಗಿ ಎದುರು ಮಾತಾಡಿದ ಸೊಸೆ. ನಮ್ಮ ಅತ್ತೆಯ ದೊಡ್ಡತನ ಅಂದು ನೋಡಬೇಕಿತ್ತು ನೀವು. ಕಣ್ಣಲ್ಲಿ ನೀರು ತಂದುಕೊಂಡು ನನ್ನ ಕೈಯನ್ನು ತಮ್ಮ ಕೆನ್ನೆಗೆ ಒತ್ತಿಕೊಂಡರು.

"ತಪ್ಪು ನಂದು ಶಿವಮ್ಮ. ಕೈನ ದೇವ್ರ ಮಾಡಿ ಗೂಡಿನ್ಯಾಗ ಕೂಡಿಸಿದ್ದೆ. ಕೈ ದೇವ್ರಲ್ಲ, ಕೈ ಭಕ್ತ. ಭಕ್ತ ದುಡೀಬೇಕು. ಅದನ್ನ ತಿಳಿಸ್ಲಿಕ್ಕೇ ಅವ ನನ್ನ ಕೆಡವ್ಯಾನ. ಹರಕಿ ಹೊತ್ತಕಿ ನಾನು, ತಪ್ಪಿಗೆ ದಂಡಾನೂ ನಾನೇ ಕೊಡ್ತೇನಿ. ನಿನ್ನ ಅಂಗೈಯಾಗ ಅವ ಕೂಡೂತನ ಎಲಿ-ಅಡಿಕಿ ಮುಟ್ಟಂಗಿಲ್ಲ."

ಅತ್ತೆಗೆ ಅನ್ನ ಬಿಟ್ಟರೂ ನಡೆದೀತು, ಎಲೆ-ಅಡಿಕೆ ಬಿಟ್ಟರೆ ನಡೆಯದು. ಅದನ್ನು ಬಿಟ್ಟ ಸಿಡುಕನ್ನೆಲ್ಲ ನನ್ನ ಕೈ ಮೇಲೆ ತೀರಿಸಿದರು. ಮೈಲೂರಿಗೆ ಬಂದ ಮೇಲೆ ಶುರುವಾಯಿತು ನೋಡಿ ಅವರ ದವಾಖಾನೆ. ಬೆಳಗ್ಗೆ ಎದ್ದರೆ ಬಿಸಿನೀರಲ್ಲಿ ಕೈ ಮುಳುಗಿಸಬೇಕು. ಆಮೇಲೆ ಮನೆಯ ಒಗೆದ ಬಟ್ಟೆಯನ್ನೆಲ್ಲ ನಾನೇ ಹಿಂಡಬೇಕು. ಹಿಂಡಿದ ಬಟ್ಟೆಯಿಂದ ಹನಿ ಬಿದ್ದರೆ ಅದನ್ನು ತೊಯ್ಸಿ ಮತ್ತೆ ನನ್ನ ಕೈಗೇ ಕೊಡುತ್ತಿದ್ದರು. ನಾದುವ ಹಿಟ್ಟನ್ನು ಬೇಕೆಂದೇ ಗಟ್ಟಿ ಕಲಸುತ್ತಿದ್ದರು. ನಾನು ಬಡಿದ ಮೊದಲ ರೊಟ್ಟಿಗಳಿಗೆ ಒಂದು ಆಕಾರವಿರಲಿಲ್ಲ. ಯಜಮಾನರು ಒಂದನ್ನು ಎತ್ತಿ ಹಿಡಿದು, "ಇದು ಹಳೇ ಹೈದರಾಬಾದ್ ರಾಜ್ಯದ ನಕಾಶೆ ಇದ್ದಂಗ ಅದ" ಎಂದರು. "ಉಣ್ಣು ಸುಮ್ನ, ಹೊಟ್ಟಿಗೆ ಹೋದ್ರ ಎಲ್ಲಾ ಒಂದೇ ರಾಜ್ಯ" ಎಂದರು ಅತ್ತೆ.

ಲಟ್ಟಣಿಗೆಯನ್ನು ನೆಟ್ಟಗೆ ಹಿಡಿದು ಹೊರಗಡೆ ವಾಲಿಸುವುದು ಎಲ್ಲಕ್ಕಿಂತ ಕಠಿಣ. ಮಣಿಕಟ್ಟಿಗೆ ಆಗದ್ದನ್ನು ಭುಜ ಮಾಡಿಬಿಡುತ್ತದೆ, ಕೈ ತಿರುಗಿದಂತೆ ಕಾಣುತ್ತದೆ, ತಿರುಗಿರುವುದಿಲ್ಲ. ಡಾಕ್ಟರು ಮೊಣಕೈಯನ್ನು ಸೊಂಟಕ್ಕೆ ಹಚ್ಚಿ ತೋರಿಸಿದ್ದು ಅದಕ್ಕೇ ಎಂದು ಅತ್ತೆಗೆ ನೆನಪಾಯಿತು. "ಭುಜ ಕಳ್ಳ ಅದ ನೋಡು" ಎಂದು ಟವೆಲ್ಲಿನಿಂದ ನನ್ನ ಮೊಣಕೈಯನ್ನು ಸೊಂಟಕ್ಕೆ ಬಿಗಿದು ಕಟ್ಟಿ ಎದುರು ಕೂತರು. ಅಳುತ್ತಿದ್ದೆ, ಬೈಯುತ್ತಿದ್ದೆ. ನನ್ನ ಬೈಗುಳಕ್ಕೆ ಅವರು ಕಿವುಡಾದರು. ನಾನು ಅತ್ತರೆ ಮಾತ್ರ ಎದ್ದು ಹೋಗಿ ಬೆಲ್ಲದ ತುಂಡು ತಂದು ಬಾಯಿಗಿಡುತ್ತಿದ್ದರು.

ಮಾಘ ಬರುವಷ್ಟರಲ್ಲಿ ಕೈ ಒಂದು ಮಟ್ಟಕ್ಕೆ ಬಂದು ಅಲ್ಲೇ ನಿಂತಿತು. ಅಂಗೈ ಮೇಲೆ ನಿಂಬೆಹಣ್ಣು ಇಟ್ಟು ನೋಡುತ್ತಿದ್ದೆವು. ಇಡುವುದು, ಉರುಳುವುದು. ಲಿಂಗ ಉರುಳಿದರೆ? ಬಲಗೈಯೇ ಸಾಕು ಬಿಡಿ ಅತ್ತಿ ಎಂದೆ ಒಂದು ದಿನ. "ನಿನಗ ಸಾಕಾಗಿರಬಹುದು. ಎಲಿ-ಅಡಿಕಿ ಬಿಟ್ಟಕಿ ನಾನು, ನನಗ ಸಾಕಾಗಿಲ್ಲ. ಹಿಂಡು" ಎಂದು ತೊಯ್ದ ಸೀರೆ ಎಸೆದರು. ನಾನು ಹಿಂಡಿದೆ. ಕೆಲಸ ಮಾಡುತ್ತ ಮನಸ್ಸಿನಲ್ಲಿ ಜಪ ಹಿಡಿದೆ. ಹಿಂಡಿದ್ದಕ್ಕೊಂದು, ಬಡಿದದ್ದಕ್ಕೊಂದು ಅವನ ಹೆಸರು. ನೋವು ಅಷ್ಟೇ ಇತ್ತು, ಆದರೆ ಒಬ್ಬಳೇ ನೋಯುತ್ತಿದ್ದೇನೆ ಎಂಬುದು ಹೋಯಿತು. ಶಿವರಾತ್ರಿ ಹತ್ತಿರವಾಗುತ್ತಿದ್ದಂತೆ ನಿಂಬೆಹಣ್ಣು ಉರುಳದೆ ನಿಲ್ಲತೊಡಗಿತು.

ಶಿವರಾತ್ರಿಯ ಬೆಳಿಗ್ಗೆ ಸ್ನಾನ ಮಾಡಿ ಕೂತೆ. ಕೊರಳಿನಿಂದ ಲಿಂಗ ಬಿಚ್ಚಿ, ಕಣ್ಣಿಗೊತ್ತಿ, ಎಡಗೈಯನ್ನು ಎದೆಯ ಮುಂದೆ ತಂದೆ. ಅಂಗೈ ಮೇಲಾಗಿ ತೆರೆಯಿತು. ಲಿಂಗವನ್ನು ಇಟ್ಟೆ. ಕೂತಿತು! ಎಷ್ಟೋ ದಿನದ ಮೇಲೆ ನನ್ನ ಬಲಗೈ ತಾನೇ ನೀರೆರೆಯಿತು, ತಾನೇ ಪತ್ರಿ ಏರಿಸಿತು. ಕಣ್ಣೀರಿನಲ್ಲಿ ಏನೂ ಕಾಣುತ್ತಿರಲಿಲ್ಲ. ಹೈದರಾಬಾದಿನ ಆ ಸಾಹೇಬರಿಗೆ, ಬಲಗೈಯನ್ನು ಒಪ್ಪಿದ ಭಾಲ್ಕಿಯ ಗುರುಗಳಿಗೆ, ಜ್ವರವಾಗಿ ಬಂದು ದಾರಿ ತೋರಿದ ನನ್ನ ಸ್ವಾಮಿಗೆ, ಎಲ್ಲಕ್ಕೂ ಮೊದಲು ಪಕ್ಕದಲ್ಲಿ ಉಸಿರು ಬಿಗಿಹಿಡಿದು ಕೂತ ನಮ್ಮ ಅತ್ತೆಗೆ ಮನಸ್ಸಿನಲ್ಲೇ ಶರಣೆಂದೆ. ಬಂಧುಗಳೇ, ಬೇಡಿದ್ದು ಬೇಡಿದ ಹಾದಿಯಲ್ಲೇ ಬರುವುದಿಲ್ಲ, ಆದರೆ ಬರುತ್ತದೆ. ನನಗೆ ಅದರಲ್ಲಿ ಅಂದಿನಿಂದ ಸಂದೇಹ ಉಳಿದಿಲ್ಲ.

ಕಣ್ಣೊರೆಸಿಕೊಂಡು ನೋಡಿದಾಗ ಒಂದು ಕೊರತೆ ಕಂಡಿತು. ಅಂಗೈ ಪೂರ್ತಿ ಸಮನಾಗಿರಲಿಲ್ಲ. ಕೂದಲೆಳೆಯಷ್ಟು ಓರೆ ಉಳಿದಿತ್ತು, ಇಂದಿಗೂ ಉಳಿದಿದೆ. ಲಿಂಗ ನೆಟ್ಟಗೆ ಕೂಡದೆ ನನ್ನ ಎದೆಯ ಕಡೆಗೆ ಸ್ವಲ್ಪ ಬಾಗಿತ್ತು. "ಅತ್ತಿ, ಇನ್ನಾ ಓರೆ ಅದ ನೋಡ್ರಿ, ವಾಲಿ ಕೂತದ" ಎಂದೆ ಸಣ್ಣ ಮುಖ ಮಾಡಿ.

ಅತ್ತೆ ಬಾಗಿ ನೋಡಿದರು. ನನ್ನ ಕೈಯನ್ನು ಸರಿಪಡಿಸಲು ಹೋಗಲಿಲ್ಲ.

"ವಾಲಿದ್ರ ವಾಲಲಿ ಬಿಡು ಶಿವಮ್ಮ" ಎಂದರು. "ನಿನ್ನ ಕಡಿಗೇ ವಾಲ್ಯಾನಲ್ಲ."